ನಾಯಿ ವಾಕಿಂಗ್‌ಗೆ ಆಳು ಹಚ್ಚುವ ಮುಂಚೆ ಇಷ್ಟು ತಿಳಕೊಳ್ರಿ

ಬಿಜ್ಜರಗಿ: ದ್ರಾಕ್ಷಿ ತೋಟ ಕಾಯಲಿಕ್ಕೆ, ಮಣೂಕ ಶೆಡ್ಡು ಕಾಯಲಿಕ್ಕೆ, ರಾತ್ರಿ ಅಂಗಡಿ ಮುಂದ ಮಲಗಲಿಕ್ಕೆ ನಾಯಿ ಸಾಕುವುದು ನಮ್ಮ ಕಡೆ ಹೊಸದೇನಲ್ಲ. ಆ ನಾಯಿಯನ್ನು ದಿನಾ ತಿರುಗಾಡಿಸಲಿಕ್ಕೆ ರೊಕ್ಕ ಕೊಟ್ಟು ಒಬ್ಬರನ್ನು ಹಚ್ಚುವುದು ಮಾತ್ರ ಈಚೆಗೆ ಬಂದ ರೂಢಿ. ಬೆಂಗಳೂರಿನಲ್ಲಿ ಇವರಿಗೆ ಡಾಗ್ ವಾಕರ್ ಅಂತಾರೆ, ಮೊಬೈಲ್‌ನಲ್ಲೇ ಬುಕ್ ಮಾಡಬಹುದು. ವಿಜಯಪುರ, ತಿಕೋಟಾ, ಬಬಲೇಶ್ವರ ಕಡೆ ಇದಕ್ಕೆ ಬೋರ್ಡ್ ಹಾಕಿಕೊಂಡು ಕೂತವರು ಕಡಿಮೆ. ಓಣಿಯ ಹುಡುಗನೋ, ತೋಟದ ಆಳೋ, ಪಕ್ಕದ ಮನಿ ನಿವೃತ್ತ ನೌಕರರೋ ಈ ಕೆಲಸ ಮಾಡತಾರ. ಮುಂಜಾನೆ ಶಟರ್ ಎತ್ತಿದರೆ ರಾತ್ರಿ ಇಳಿಸುವ ಅಂಗಡಿಕಾರರಿಗೆ, ಮಕ್ಕಳು ಪುಣೆಗೆ ನೌಕರಿಗೆ ಹೋಗಿ ನಾಯಿ ಮಾತ್ರ ಮನಿಯಾಗ ಉಳಿದ ವಯಸ್ಸಾದ ತಂದೆ-ತಾಯಿಗೆ ಇಂಥವರು ಬೇಕೇಬೇಕು. ಆದರೆ ಯಾರ ಕೈಯಾಗ ಬೆಲ್ಟ್ ಕೊಡತೀರಿ ಅನ್ನೋದನ್ನ ಪಗಾರ ನೋಡಿ ಅಷ್ಟ ತೀರ್ಮಾನ ಮಾಡಬ್ಯಾಡ್ರಿ.

ಕಚ್ಚಿದರೆ ಜವಾಬ್ದಾರಿ ಯಾರದು?

ಮೊದಲು ಇದನ್ನ ತಿಳಕೊಳ್ಳೋಣ, ಯಾಕಂದ್ರ ಜಗಳ ಶುರುವಾಗೋದು ಇಲ್ಲೇ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ತನ್ನ ಸುಪರ್ದಿಯಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದೆ ಉದಾಸೀನ ಮಾಡಿದರೆ 6 ತಿಂಗಳ ತನಕ ಜೈಲು, ಇಲ್ಲವೇ 5,000 ರೂಪಾಯಿ ತನಕ ದಂಡ, ಅಥವಾ ಎರಡೂ ಆಗಬಹುದು. ಮೊದಲು ಇದೇ ವಿಷಯ ಐಪಿಸಿ 289ರಲ್ಲಿತ್ತು. ಇಲ್ಲಿ ‘ಸುಪರ್ದಿಯಲ್ಲಿರುವ’ ಅನ್ನುವ ಮಾತು ಮುಖ್ಯ. ಬೆಲ್ಟ್ ಹಿಡಿದವನ ಕೈಯಲ್ಲಿ ನಾಯಿ ಇದ್ದಾಗ ಅವನೂ ಸಿಕ್ಕಿಬೀಳಬಹುದು. ಹಂಗಂತ ಮಾಲಕರು ಪೂರ್ತಿ ಕೈ ತೊಳಕೊಳ್ಳಲಿಕ್ಕೆ ಬರೂದಿಲ್ಲ. ಕಡಿಯುವ ಚಾಳಿ ಇದ್ದ ನಾಯಿ ಅಂತ ಗೊತ್ತಿದ್ದೂ ಹೇಳದೆ ಕೊಟ್ಟಿದ್ದರೆ ಊರ ಮಂದಿ ಮೊದಲು ಬರುವುದು ನಿಮ್ಮ ಬಾಗಿಲಿಗೇ.

ಹಿಂಗಾಗಿ ನಿಮ್ಮ ನಾಯಿಯ ಗುಣ ಮುಚ್ಚಿಡಬ್ಯಾಡ್ರಿ. ಬೈಕ್ ಕಂಡ್ರ ಬೆನ್ನ ಹತ್ತತೈತಿ, ಟೊಪ್ಪಿಗಿ ಹಾಕಿದವರನ್ನ ಕಂಡ್ರ ಬೊಗಳತೈತಿ, ಆಡು-ಕುರಿ ಕಂಡ್ರ ಹುಚ್ಚಾಗತೈತಿ ಅಂತ ಇದ್ದದ್ದನ್ನ ಇದ್ದಂಗ ಹೇಳ್ರಿ. ಬಾಯಿ ಹಾಕುವ ನಾಯಿ ಆದರೆ, ಎತ್ತಿಗೆ ಬಾಯಿಕುಕ್ಕಿ ಹಾಕಿದಂಗ, ನಾಯಿಗೂ ಮೂತಿಗೆ ಹಾಕುವ ಪಂಜರದಂಥ ಕುಕ್ಕಿ ಸಿಗತೈತಿ. ಬಾಯಿ ತೆರೆದು ತೇಕಲಿಕ್ಕೆ, ನೀರು ಕುಡಿಯಲಿಕ್ಕೆ ಬರುವಂಥದ್ದು ತಗೋರಿ. ಬಟ್ಟಿಯಿಂದ ಬಿಗಿದು ಕಟ್ಟುವಂಥದ್ದು ನಮ್ಮ ಬಿಸಿಲಿಗೆ ಅಪಾಯ.

ಚುಚ್ಚುಮದ್ದು ಎರಡೂ ಕಡೆ ಬೇಕು

ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ 3 ತಿಂಗಳ ಮರಿ ಇದ್ದಾಗ ಮೊದಲ ಡೋಸ್, ಆಮೇಲೆ ವೈದ್ಯರು ಹೇಳಿದಂತೆ ಬೂಸ್ಟರ್, ಮುಂದೆ ವರ್ಷಾ ಒಂದು. ಕಾರ್ಡ್‌ನಲ್ಲಿ ತಾರೀಖು ಬರೆಸಿಕೊಂಡು ಅದರ ಫೋಟೊ ವಾಕಿಂಗ್ ಮಾಡಿಸುವವರ ಮೊಬೈಲ್‌ಗೆ ಹಾಕ್ರಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರ ನಡೆಯುತ್ತವೆ, ವಿಚಾರಿಸಿ ಇಟ್ಕೋರಿ. ಮರಿಗೆ ಪಾರ್ವೊ, ಡಿಸ್ಟೆಂಪರ್ ಲಸಿಕೆಯ ಪೂರ್ತಿ ಕೋರ್ಸ್ ಮುಗಿಯದೆ ಬೀದಿಗೆ ಕಳಿಸಲೇಬಾರದು. ಅಂಥ ಮರಿಯನ್ನು ‘ಇವತ್ತ ಒಯ್ಯತೀನಿ ಕೊಡ್ರಿ’ ಅನ್ನುವವರಿಗೆ ಈ ಕೆಲಸ ಗೊತ್ತಿಲ್ಲ ಅಂತಾನೇ ಅರ್ಥ.

ಇನ್ನೊಂದು ಕಡೆಯದು ಯಾರೂ ಕೇಳೂದಿಲ್ಲ. ದಿನಾ ನಾಯಿ ಹಿಡಿದು ತಿರುಗುವ ಮನುಷ್ಯನಿಗೆ ಮುಂಚೆಯೇ ತೆಗೆದುಕೊಳ್ಳುವ ರೇಬೀಸ್ ಲಸಿಕೆ ಐತಿ. ಮೊದಲ ದಿನ, 7ನೇ ದಿನ, 21 ಅಥವಾ 28ನೇ ದಿನ, ಹಿಂಗ ಮೂರು ಸಲ. ನಾಲ್ಕೈದು ಮನಿಯ ನಾಯಿ ಹಿಡಿಯುವವರು ಇದನ್ನು ಮಾಡಿಸಿಕೊಂಡಿದ್ದರೆ ಅವರಿಗೆ ಒಂದು ಮಾರ್ಕ್ ಹೆಚ್ಚು ಕೊಡ್ರಿ. ಆದರೂ ಕಚ್ಚಿದರೆ ಅವರಿಗೂ ಮತ್ತೆ ಎರಡು ಡೋಸ್ ಬೇಕೇಬೇಕು.

ಯಾರಿಗೇ ಕಚ್ಚಿರಲಿ, ಗಾಯವನ್ನು ಹರಿಯುವ ನೀರಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಷಿಣ, ಖಾರ, ಸುಣ್ಣ ಹಚ್ಚಬಾರದು. ಆಮೇಲೆ ತಡ ಮಾಡದೆ ಸರ್ಕಾರಿ ಆಸ್ಪತ್ರೆ. ಅಲ್ಲಿ ಈ ಲಸಿಕೆ ಉಚಿತ. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯಕ್ಕೇ ಕೊಡುವ ಇಮ್ಯುನೊಗ್ಲೋಬ್ಯುಲಿನ್ ಬೇಕಾ ಅಂತ ವೈದ್ಯರನ್ನ ಕೇಳ್ರಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಇದಕ್ಕೆ ಮದ್ದಿಲ್ಲ. ‘ಮನಿ ನಾಯಿ ಅಲ್ಲೇನ್ರಿ, ಏನಾಗಂಗಿಲ್ಲ’ ಅಂತ ಬಿಡುವ ಹಂಗಿಲ್ಲ.

ನಮ್ಮ ಭಾಗದ ದೊಡ್ಡ ಅಪಾಯ: ದ್ರಾಕ್ಷಿ

ಬೆಂಗಳೂರಿನ ವಾಕರ್‌ಗೆ ಕೇಳದ ಒಂದು ಪ್ರಶ್ನೆ ಇಲ್ಲಿ ಕೇಳಲೇಬೇಕು. ದ್ರಾಕ್ಷಿ, ಮಣೂಕ ನಾಯಿಗೆ ವಿಷ ಅಂತ ಗೊತ್ತೈತೇನು?

ಬಿಜ್ಜರಗಿ, ತಿಕೋಟಾ ಸುತ್ತ ಯಾವ ದಾರಿ ಹಿಡಿದರೂ ತೋಟ, ಇಲ್ಲಾ ಮಣೂಕ ಶೆಡ್ಡು. ಸೀಸನ್ ಬಂತಂದ್ರ ರ‍್ಯಾಕಿನ ಕೆಳಗ, ಚೀಲದ ಬಾಜೂಕ, ಟ್ರ್ಯಾಕ್ಟರ್ ಹಾದ ರಸ್ತೆಯಲ್ಲಿ ಕಾಳು ಬಿದ್ದೇ ಇರತಾವು. ನಾಯಿ ಮೂಸುತ್ತ ಹೋಗಿ ತಿಂದುಬಿಡತದ. ಹಸಿ ದ್ರಾಕ್ಷಿ ಇರಲಿ, ಒಣಗಿದ್ದಿರಲಿ, ನಾಯಿಯ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಇಂತಿಷ್ಟು ತಿಂದರೆ ಏನೂ ಆಗುವುದಿಲ್ಲ ಅನ್ನುವ ಲೆಕ್ಕ ಇದಕ್ಕಿಲ್ಲ; ಒಂದು ನಾಯಿ ಬೊಗಸೆ ತಿಂದು ಅರಾಮ ಇರಬಹುದು, ಇನ್ನೊಂದು ಕೆಲವೇ ಕಾಳಿಗೆ ಮಲಗಬಹುದು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಇದಕ್ಕೆ ಕಾರಣ ಅಂತ ಪಶುವೈದ್ಯರು ಈಚೆಗೆ ಹೇಳುತ್ತಿದ್ದಾರೆ. ತೋಟದಾಗ ಹುಟ್ಟಿ ಬೆಳೆದ ನಾಯಿ ವರ್ಷಗಟ್ಟಲೆ ತಿಂದರೂ ಏನಾಗಿಲ್ಲ ಅನ್ನುವವರು ಸಿಗತಾರ. ಅದು ಅವರ ನಾಯಿಯ ನಸೀಬು. ನಿಮ್ಮ ನಾಯಿ ಯಾವ ಜಾತಿಗೆ ಸೇರಿದ್ದು ಅಂತ ತಿನಿಸಿ ನೋಡಬೇಕಾಗಿಲ್ಲ.

ತಿಂದ ಮೇಲೆ ಮೊದಲ ಒಂದು ದಿನದೊಳಗೆ ವಾಂತಿ, ಜೋಲು ಮೋರೆ, ಊಟ ಬಿಡುವುದು ಕಾಣತೈತಿ. ಎರಡು-ಮೂರು ದಿನದಲ್ಲಿ ಮೂತ್ರ ಕಡಿಮೆ ಆಗಿ ನಿಂತೇಹೋಗಬಹುದು. ಅಲ್ಲಿಗೆ ಬಂದರೆ ಉಳಿಸುವುದು ಕಷ್ಟ. ಇದಕ್ಕೆ ಪ್ರತಿವಿಷ ಇಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲೇ ವೈದ್ಯರ ಹತ್ತಿರ ಒಯ್ದರೆ ವಾಂತಿ ಮಾಡಿಸಿ, ಸಲೈನ್ ಹಚ್ಚಿ ಉಳಿಸಿಕೊಳ್ಳಬಹುದು. ಮನೆಯಲ್ಲಿ ಉಪ್ಪಿನ ನೀರು ಕುಡಿಸಿ ವಾಂತಿ ಮಾಡಿಸಲಿಕ್ಕೆ ಹೋಗಬ್ಯಾಡ್ರಿ, ಅದು ಇನ್ನೊಂದು ವಿಷ. ಹಿಂಗಾಗಿ ನಿಮ್ಮ ವಾಕರ್‌ಗೆ ಬೇಕಾದ ಮೊದಲ ಗುಣ ‘ತಿಂದುಬಿಟ್ಟಿತ್ರಿ’ ಅಂತ ಅಂಜದೆ ತಕ್ಷಣ ಫೋನ್ ಮಾಡುವುದು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಎರಡು ದಿನ ಹೋಗಿರತದ. ನೀವೂ ಅಷ್ಟೇ, ಫೋನ್ ಮಾಡಿದವನಿಗೆ ಅಲ್ಲೇ ಬೈಯಬ್ಯಾಡ್ರಿ.

ಕಿರಾಣಿ ಅಂಗಡಿಯವರಿಗೆ ಒಂದು ಮಾತು: ಶಿರಾದಲ್ಲಿ, ಪಾಯಸದಲ್ಲಿ, ಲಾಡುವಿನಲ್ಲಿ ಇರುವುದೂ ಇದೇ ಮಣೂಕ. ಗಿರಾಕಿಗಳು ಪ್ರೀತಿಯಿಂದ ಹಾಕುವುದನ್ನು ತಡೀರಿ. ಚಾಕೊಲೇಟ್‌ಗೂ ಇದೇ ಮಾತು.

ತೋಟದ ಔಷಧ ಬ್ಯಾರೇನೇ ಕಥಿ. ಅಕ್ಟೋಬರ್ ಚಾಟ್ನಿ ಆದಮೇಲೆ ಕಣ್ಣು ಒಡೆಯಲಿಕ್ಕೆ ಹಚ್ಚುವ ಹೈಡ್ರೋಜನ್ ಸಯನಮೈಡ್ ಮನುಷ್ಯರಿಗೇ ಅಪಾಯದ್ದು. ಮೈಲುತುತ್ತ, ಕೀಟನಾಶಕ, ಇಲಿ ಪಾಷಾಣ ಎಲ್ಲಾ ಸೇರಿದರೆ, ಸಿಂಪಡಣೆ ನಡೆದ ಸಾಲಿನಲ್ಲಿ ನಾಯಿ ಬಿಡುವ ಮಾತೇ ಇಲ್ಲ. ಕಾಲಿಗೆ ಅಂಟಿದ್ದನ್ನ ಅದು ನೆಕ್ಕತದ. ಯಾವ ತೋಟದಲ್ಲಿ ಇವತ್ತು ಔಷಧ ಹೊಡೆದಾರ ಅನ್ನೋದು ಊರ ಹುಡುಗನಿಗೆ ಗೊತ್ತಿರತದ, ಹೊರಗಿನಿಂದ ಬಂದವನಿಗೆ ಗೊತ್ತಿರೂದಿಲ್ಲ. ಈ ಒಂದು ವಿಷಯಕ್ಕೆ ನಾನು ಊರಿನವರನ್ನೇ ಹಚ್ಚ್ರಿ ಅಂತೀನಿ.

ಮುಧೋಳ ನಾಯಿ ಇದ್ದವರಿಗೆ

ಮುಧೋಳ 1997ರಲ್ಲಿ ಬಾಗಲಕೋಟೆ ಜಿಲ್ಲೆ ಆಗುವ ತನಕ ನಮ್ಮದೇ ಜಿಲ್ಲೆಯ ಊರು. ಅದರ ಬೇಟೆ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೇ ಐತಿ. ನಮ್ಮ ಭಾಗದಲ್ಲಿ ಈ ತಳಿ ಸಾಕಿದವರು ಬಹಳ.

ಇದು ವಾಸನೆಗಿಂತ ಕಣ್ಣಿಗೆ ಬಿದ್ದದ್ದನ್ನು ಅಟ್ಟುವ ನಾಯಿ. ಮೊಲ, ಕೋಳಿ, ಕುರಿಮರಿ ಓಡಿತು ಅಂದರೆ ಕರೆದರೂ ಕೇಳೂದಿಲ್ಲ. ತಲೆ ಸಣ್ಣದು, ಕುತ್ತಿಗೆ ದಪ್ಪ. ಸಾದಾ ಕೊಳ್ಳಪಟ್ಟಿ ಹಿಂದಕ್ಕೆ ಜಗ್ಗಿದರೆ ತಲೆಯಿಂದ ಜಾರಿ ಬರತೈತಿ. ಅಗಲ ಪಟ್ಟಿ, ಜಗ್ಗಿದಾಗ ಅಷ್ಟಕ್ಕಷ್ಟೇ ಬಿಗಿಯಾಗುವಂಥದ್ದು ಇರಲಿ, ಇಲ್ಲಾ ಎದೆಗೆ ಹಾಕುವ ಹಾರ್ನೆಸ್ ಇರಲಿ. ಹಿಡಿಯುವವರು ಅದರ ಜಗ್ಗಾಟ ತಡೆಯುವಂಥವರಾಗಿರಬೇಕು. ಶಾಲೆ ಹುಡುಗರ ಕೈಗೆ ಕೊಡೂದು ಬ್ಯಾಡ. 14 ವರ್ಷದ ಒಳಗಿನ ಮಕ್ಕಳನ್ನು ಪಗಾರಕ್ಕೆ ಹಚ್ಚಿಕೊಳ್ಳುವುದು ಹೆಂಗೂ ಬಾಲಕಾರ್ಮಿಕ ಕಾಯ್ದೆಗೆ ವಿರುದ್ಧ.

ಇನ್ನೊಂದು ವಿಷಯ ನೇರವಾಗಿಯೇ ಹೇಳಬೇಕು. ‘ರೊಕ್ಕ ಬ್ಯಾಡ್ರಿ, ಸುಮ್ಮನ ತಿರುಗಾಡಿಸಿಕೊಂಡ ಬರ್ತೀನಿ’ ಅಂತ ಮುಧೋಳ ನಾಯಿಗಷ್ಟೇ ಆಸೆಪಟ್ಟು ಬರುವವರ ಬಗ್ಗೆ ಎಚ್ಚರ. ಅವರು ಅದನ್ನ ಒಯ್ಯೋದು ಮೊಲದ ಬೇಟೆಗೂ ಇರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮೊಲ ಹಿಡಿಯುವುದು ಅಪರಾಧ, ಸಿಕ್ಕಿಬಿದ್ದ ನಾಯಿ ನಿಮ್ಮದು ಅಂತಾದರೆ ಠಾಣೆ ಮೆಟ್ಟಿಲು ನೀವೂ ಹತ್ತಬೇಕಾದೀತು. ನಾಯಿ ವಾಪಸ್ ಬಂದಾಗ ಮೈಯಾಗ ಮುಳ್ಳು, ಕಾಲಾಗ ಗಾಯ, ವಿಪರೀತ ದಣಿವು ಇದ್ದರೆ ಅದು ವಾಕಿಂಗ್ ಮಾಡಿದ ನಾಯಿ ಅಲ್ಲ.

ಬಿಸಿಲು

ಮಾರ್ಚ್‌ನಿಂದ ಮೇ ತನಕ ನಮ್ಮಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ನಾಯಿಗೆ ನಮ್ಮಂಗ ಮೈತುಂಬ ಬೆವರು ಬರೂದಿಲ್ಲ, ತೇಕಿಯೇ ಕಾವು ಕಳಕೋಬೇಕು. ಮುಂಜಾನೆ 7ರ ಒಳಗೆ, ಸಂಜೆ ಹೊತ್ತು ಮುಳುಗಿದ ಮೇಲೆ ಅಷ್ಟೇ ಹೊರಗೆ. ಡಾಂಬರಿನ ಮೇಲೆ ಹಿಂಗೈ ಇಟ್ಟು ಏಳು ಎಣಿಸುವ ತನಕ ತಡೆಯಲಿಕ್ಕೆ ಆಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡತೈತಿ. ‘ನನಗ ಹನ್ನೊಂದಕ್ಕ ಪುರಸೊತ್ತು’ ಅನ್ನುವವರು ಬ್ಯಾಸಿಗಿಗೆ ಆಗಿಬರೂದಿಲ್ಲ. ದಪ್ಪ ಕೂದಲಿನ ಜರ್ಮನ್ ಶೆಫರ್ಡ್, ಚಪ್ಪಟೆ ಮೂತಿಯ ಪಗ್ ಇದ್ದವರು ಇನ್ನೂ ಹುಷಾರಿರಬೇಕು. ನಾಲಗಿ ಕೆಂಪಗಾಗಿ, ಜೊಲ್ಲು ಸುರಿದು, ಹೆಜ್ಜೆ ತಪ್ಪಿದರೆ ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಹಾಕಿ, ಗಾಳಿ ಬೀಸಿ, ಹಂಗೇ ಆಸ್ಪತ್ರೆಗೆ ಹೊರಡಬೇಕು. ಬಾಟಲಿ ನೀರು ಜೊತೆಗಿರಲೇಬೇಕು.

ಮಳೆಗಾಲದ್ದು ಉಣ್ಣಿ ಕಾಟ. ಮನೆಗೆ ಬಂದ ಮೇಲೆ ಕಿವಿ ಒಳಗೆ, ಬೆರಳಿನ ಸಂದಿಯಲ್ಲಿ ನೋಡಿ ತೆಗೆಯುವುದೂ ಕೆಲಸದ ಭಾಗ ಅಂತ ಮೊದಲೇ ಮಾತಾಡಿಕೊಳ್ರಿ.

ಹೆಂಗ ಆರಿಸೋದು?

ಮೊದಲ ದಿನ ನಾಯಿ ಕೊಟ್ಟು ಕಳಿಸಬ್ಯಾಡ್ರಿ, ಜೊತೆಗೆ ನಡೀರಿ. ಬೀದಿ ನಾಯಿಗಳ ಗುಂಪು ಎದುರಾದಾಗ ಏನು ಮಾಡತಾನ ನೋಡ್ರಿ. ಕಲ್ಲು ಎತ್ತುವವನು, ಓಡುವವನು ಬ್ಯಾಡ. ನಿಮ್ಮ ನಾಯಿಯನ್ನು ಒಗ್ಗಾಲಿಗೆ ಹತ್ತಿರ ಎಳಕೊಂಡು, ಬ್ಯಾರೆ ದಾರಿ ಹಿಡಿದು ಸಾವಕಾಶ ಸರಿಯುವವನು ಬಲ್ಲವ. ನಾಯಿ ಅವನ ಹತ್ತಿರ ಹೆಂಗ ಇರತೈತಿ ಅನ್ನೋದೂ ಒಂದು ಸಾಕ್ಷಿ. ವಾರದ ಮೇಲೂ ಅವನ ಬೈಕ್ ಸಪ್ಪಳಕ್ಕೆ ಬಾಲ ಮುದುರಿ ಕಾಟಿನ ಕೆಳಗ ಸೇರಿದರೆ ಏನೋ ಹೊಡೆತ ಬಿದ್ದಿರಬೇಕು. ಬೈಕ್‌ಗೆ ಕಟ್ಟಿ ಓಡಿಸುವವರು ಅದಾರ. ಅಂಥವರನ್ನ ಅವತ್ತೇ ಬಿಡಿಸ್ರಿ.

ಒಂದೇ ಸಲ ಎಷ್ಟು ನಾಯಿ ಹಿಡಿಯತೀರಿ ಅಂತ ಕೇಳ್ರಿ. ನಮ್ಮ ರಸ್ತೆಗೆ ಒಂದೇ ಸಾಕು, ಬಹಳಾದರೆ ಒಂದೇ ಮನಿಯ ಎರಡು. ವಿಜಯಪುರದಲ್ಲಿ ಮನಿ ಮಾಡಿದವರು ಮನಿ ಕೀಲಿ ಕೊಡಬೇಕಾಗತೈತಿ, ಹಂಗಿದ್ದರೆ ಆಧಾರ್ ನಕಲು, ಊರು, ಈಗಾಗಲೇ ಕೆಲಸ ಮಾಡುವ ಎರಡು ಮನಿಯವರ ಮಾತು ಇಷ್ಟು ತಗೊಂಡೇ ಮುಂದುವರೀರಿ. ಪಗಾರದ ಬಗ್ಗೆ ಇಷ್ಟೇ: ದಿನಕ್ಕೆ ಎಷ್ಟು ನಿಮಿಷ, ವಾರದ ರಜಾ ಯಾವತ್ತು, ಅವರು ಬರದಿದ್ದರೆ ಬದಲಿ ಯಾರು ಅನ್ನೋದನ್ನ ಹಾಳಿ ಮೇಲೆ ಬರಕೊಳ್ರಿ. ನಿಮಗೆ ಹೇಳದೆ ತಮ್ಮನನ್ನೋ ಗೆಳೆಯನನ್ನೋ ಕಳಿಸುವುದು ನಡೆಯಬಾರದು. ಅರ್ಧ ತಾಸು ಅಂತ ಹೇಳಿ ಚಹಾದಂಗಡಿ ಮುಂದ ನಾಯಿ ಕಟ್ಟಿ ಕೂತರೆ ಊರಾಗ ಯಾರಾದ್ರೂ ಹೇಳೇ ಹೇಳತಾರ ಬಿಡ್ರಿ.

ಆಷಾಢ, ಕಾರ್ತಿಕ ಏಕಾದಶಿಗೆ ಪಂಢರಪುರಕ್ಕೆ, ಯುಗಾದಿ ಹೊತ್ತಿಗೆ ಶ್ರೀಶೈಲ ಪಾದಯಾತ್ರೆಗೆ ಹೋಗುವವರು ಹೊರಡುವ ದಿನ ಆಳು ಹುಡುಕಿದರೆ ಯಾರು ಸಿಕ್ಕರೂ ನಡೀತದ ಅನ್ನುವಂಗಾಗತೈತಿ. ಹತ್ತು ದಿನ ಮುಂಚೆಯೇ ಹಚ್ಚಿ ನಾಯಿಗೆ ರೂಢಿ ಮಾಡಿಸ್ರಿ. ಹೋಗುವಾಗ ಒಂದು ಹಾಳಿ ಮೇಲೆ ನಿಮ್ಮ ನಂಬರು, ನಿಮ್ಮ ಫೋನ್ ಹತ್ತದಿದ್ದರೆ ಮಾತಾಡಬೇಕಾದ ಸಂಬಂಧಿಕರ ನಂಬರು, ಪಶುವೈದ್ಯರ ನಂಬರು, ಪಶು ಚಿಕಿತ್ಸಾ ಸಹಾಯವಾಣಿ 1962 ಬರೆದು ಬಾಗಿಲ ಹಿಂದೆ ಅಂಟಿಸ್ರಿ. ರಾತ್ರಿ ಹೊತ್ತು ಬಿಜ್ಜರಗಿಯಿಂದ ತಿಕೋಟಾಕ್ಕೋ ವಿಜಯಪುರಕ್ಕೋ ನಾಯಿ ಒಯ್ಯಬೇಕಾದರೆ ಯಾರ ಗಾಡಿ ಅನ್ನೋದನ್ನೂ ಅದರಲ್ಲೇ ಬರೀರಿ, ಖರ್ಚಿಗೆ ಒಂದಿಷ್ಟು ರೊಕ್ಕ ಕೈಯಾಗ ಕೊಟ್ಟು ಹೋಗ್ರಿ.