ರಕ್ತಪಿಶಾಚಿಯ ಪ್ರಣಯ

ಬೇತಾಳವು ಕನ್ನಡ ವಾಚಕರಿಗೆ ಅಪರಿಚಿತವಲ್ಲ. ಶ್ಮಶಾನದ ಮರದಲ್ಲಿ ತೂಗುವ ಹೆಣವನ್ನು ಹೊಕ್ಕು, ವಿಕ್ರಮನ ಹೆಗಲೇರಿ ಕಥೆ ಹೇಳುವ ಆ ಭೂತಕ್ಕೆ ರಿಚರ್ಡ್ ಬರ್ಟನ್ ಎಂಬ ಆಂಗ್ಲ ಪಂಡಿತನು 1870ರಲ್ಲಿ 'ವ್ಯಾಂಪೈರ್' ಎಂಬ ಹೆಸರನ್ನಿತ್ತನು. ಆದರೆ ಹೆಸರೊಂದಾದ ಮಾತ್ರಕ್ಕೆ ಸ್ವಭಾವವೂ ಒಂದಾಗದು. ಬೇತಾಳವು ಕೇಳುವುದು ಪ್ರಶ್ನೆಗೆ ಉತ್ತರವನ್ನು. ಯೂರೋಪಿನ ವ್ಯಾಂಪೈರ್ ಬಯಸುವುದು ಬದುಕಿರುವವರ ರಕ್ತವನ್ನು. ಇಂತಹ ಘೋರ ಪಿಶಾಚಿಯು ಇಂದು ತರುಣ ತರುಣಿಯರಿಗಾಗಿ ಬರೆದ ಕಾದಂಬರಿಗಳಲ್ಲಿ ಪ್ರಣಯನಾಯಕನ ಸ್ಥಾನವನ್ನು ಪಡೆದ ಬಗೆ ವಿಚಾರಾರ್ಹವಾಗಿದೆ.

ಪಶ್ಚಿಮ ಯೂರೋಪಿಗೆ ಈ ಪಿಶಾಚಿಯ ಪರಿಚಯವಾದುದು ಕಾವ್ಯದಿಂದಲ್ಲ, ಸರಕಾರದ ಕಾಗದಪತ್ರಗಳಿಂದ. 1718ರ ಸಂಧಿಯಿಂದ ಸರ್ಬಿಯಾದ ಉತ್ತರಭಾಗವು ಆಸ್ಟ್ರಿಯಾದ ಚಕ್ರವರ್ತಿಯ ವಶವಾಗಿತ್ತು. 1725ರಲ್ಲಿ ಅಲ್ಲಿಯ ಕಿಸಿಲ್ಯೆವೊ ಗ್ರಾಮದಲ್ಲಿ ಪೀಟರ್ ಬ್ಲಾಗೊಯೆವಿಚ್ ಎಂಬವನು ಸತ್ತ ಕೆಲವು ವಾರಗಳ ತರುವಾಯ, ಎಂಟು ದಿನಗಳೊಳಗೆ ಒಂಬತ್ತು ಮಂದಿ ಮೃತರಾದರು. ಸತ್ತವನೇ ಬಂದು ತಮ್ಮ ಕುತ್ತಿಗೆಯನ್ನು ಹಿಸುಕಿದನೆಂದು ಅವರು ಸಾಯುವಾಗ ಹೇಳಿದರಂತೆ. ಗ್ರಾಮಸ್ಥರು ಗೋರಿಯನ್ನು ಅಗೆಸಿ, ಶವದ ಎದೆಗೆ ಗೂಟವನ್ನು ಹೊಡೆದು ಸುಟ್ಟರು. 1732ರಲ್ಲಿ ಸೇನಾವೈದ್ಯರು ಮತ್ತೊಂದು ಗ್ರಾಮದಿಂದ ಕಳುಹಿಸಿದ ಇಂತಹದೇ ವರದಿಯು ಯೂರೋಪಿನಲ್ಲೆಲ್ಲ ಚರ್ಚೆಗೆ ಕಾರಣವಾಯಿತು. ಬಾಯಿಯಲ್ಲಿ ಕಾಣುವ ರಕ್ತದಂತಹ ದ್ರವ, ಬೆಳೆದಂತೆ ತೋರುವ ಉಗುರುಗಳು, ಇವೆಲ್ಲ ಶವವು ಶಿಥಿಲವಾಗುವ ಸಹಜ ಲಕ್ಷಣಗಳು. ಮರಣದ ನಿಜಕಾರಣವನ್ನರಿಯದ ಜನರು ಅದರ ಹೊಣೆಯನ್ನು ಮೊದಲು ಸತ್ತವನ ಮೇಲೆ ಹೊರಿಸಿದರು. ಕಡೆಗೆ 1755ರಲ್ಲಿ ಮಾರಿಯಾ ಥೆರೇಸಾ ರಾಣಿಯು ತನ್ನ ಆಸ್ಥಾನವೈದ್ಯನಾದ ಫಾನ್ ಸ್ವೀಟೆನ್ನನ ಅಭಿಪ್ರಾಯವನ್ನನುಸರಿಸಿ, ಈ ಭೀತಿಯಿಂದ ಶವಗಳನ್ನು ಅಗೆದು ಸುಡುವುದನ್ನು ನಿಷೇಧಿಸಿದಳು.

ವೈದ್ಯರು ಹೊರದೂಡಿದ ಪಿಶಾಚಿಗೆ ಕವಿಗಳು ಆಶ್ರಯವನ್ನಿತ್ತರು. ಜರ್ಮನಿಯ ಮಹಾಕವಿ ಗಯಟೆಯು 1797ರಲ್ಲಿ 'ಕೊರಿಂಥದ ವಧು' ಎಂಬ ಕಥನಕವನವನ್ನು ರಚಿಸಿದನು. ಆಥೆನ್ಸಿನ ತರುಣನೊಬ್ಬನು ತನಗೆ ನಿಶ್ಚಯವಾಗಿದ್ದ ಕನ್ಯೆಯನ್ನು ಅರಸಿ ಕೊರಿಂಥಕ್ಕೆ ಬರುತ್ತಾನೆ. ಅಷ್ಟರಲ್ಲಿ ಆ ಮನೆಯವರು ಹೊಸ ಮತವನ್ನು ಅವಲಂಬಿಸಿದ್ದಾರೆ. ತಾಯಿಯು ರೋಗದಲ್ಲಿ ಹೊತ್ತ ಹರಕೆಯಂತೆ ಮಗಳನ್ನು ದೇವರಿಗೆ ಒಪ್ಪಿಸಿದ್ದಾಳೆ. ಮಗಳು ಕೊರಗಿ ಸತ್ತಿದ್ದಾಳೆ. ನಡುರಾತ್ರಿಯಲ್ಲಿ ವರನ ಬಳಿಗೆ ಬರುವವಳು ಅವಳ ಪ್ರೇತ. ಬಾಗಿಲಲ್ಲಿ ನಿಂತ ತಾಯಿಯನ್ನು ಅವಳು ದೂರುತ್ತಾಳೆ. ತಮ್ಮಿಬ್ಬರನ್ನೂ ಒಂದೇ ಚಿತೆಯಲ್ಲಿ ದಹಿಸೆಂದು ಬೇಡುತ್ತಾಳೆ. ಇಲ್ಲಿ ಪಿಶಾಚಿಯನ್ನು ಸೃಷ್ಟಿಸಿದುದು ಮಂತ್ರತಂತ್ರವಲ್ಲ, ಹಿರಿಯರ ನಿಷೇಧ. ಮುಂದಿನ ಕಥೆಗಳಿಗೆಲ್ಲ ಬೀಜ ಬಿದ್ದುದು ಇಲ್ಲಿಯೇ ಎನ್ನಬಹುದು.

ಹತ್ತೊಂಬತ್ತನೆಯ ಶತಮಾನದ ಆಂಗ್ಲ ಲೇಖಕರು ಈ ಕರುಣೆಯನ್ನು ಅಷ್ಟಾಗಿ ಉಳಿಸಿಕೊಳ್ಳಲಿಲ್ಲ. 1819ರಲ್ಲಿ ಪ್ರಕಟವಾದ ಪೊಲಿಡೋರಿಯ ಕಥೆಯಲ್ಲಿ ಪಿಶಾಚಿಯು ಸೊಗಸುಗಾರ ಶ್ರೀಮಂತ. ವಿವಾಹವು ಅವನಿಗೆ ಬೇಟೆಯ ಬಲೆ. ಲೆ ಫಾನುವಿನ 'ಕಾರ್ಮಿಲ್ಲ'ದಲ್ಲಿ ಇಬ್ಬರು ತರುಣಿಯರ ಅನುರಾಗವೂ, ಸ್ಟೋಕರನ 1897ರ 'ಡ್ರಾಕುಲಾ'ದಲ್ಲಿ ಲೂಸಿಯ ಪರಿವರ್ತನೆಯೂ ಗೂಟದ ಪೆಟ್ಟಿನಿಂದಲೇ ಮುಗಿಯುತ್ತವೆ. ಲೂಸಿಯ ಎದೆಗೆ ಆ ಗೂಟವನ್ನು ಹೊಡೆಯುವವನು ಅವಳನ್ನು ವರಿಸಬೇಕಾಗಿದ್ದವನೇ.

ಅಮೆರಿಕದ ಲೇಖಕಿ ಸ್ಟೆಫನಿ ಮೇಯರ್ 2005ರಿಂದ 2008ರವರೆಗೆ ಪ್ರಕಟಿಸಿದ 'ಟ್ವೈಲೈಟ್' ಮಾಲೆಯ ನಾಲ್ಕು ಕಾದಂಬರಿಗಳಲ್ಲಿ ಗೂಟವು ಮರೆಯಾಯಿತು. ನಾಯಕ ಎಡ್ವರ್ಡ್ 1918ರ ಇನ್‌ಫ್ಲುಯೆಂಜಾದಲ್ಲಿ ಸಾಯುತ್ತಿದ್ದಾಗ ವೈದ್ಯನೊಬ್ಬನು ಅವನನ್ನು ಪಿಶಾಚಿಯಾಗಿ ಮಾರ್ಪಡಿಸಿದವನು. ಪರರ ಮನಸ್ಸನ್ನು ಓದುವ ಸಿದ್ಧಿ ಅವನಿಗುಂಟು. ಬೆಲ್ಲಾಳ ಮನಸ್ಸು ಮಾತ್ರ ಅವನಿಗೆ ಮುಚ್ಚಿದ ಗ್ರಂಥ. ಅವಳ ರಕ್ತದ ವಾಸನೆಯೇ ಅವನಿಗೆ ಉನ್ಮಾದಕರವಾದುದರಿಂದ, ಪ್ರೇಮಿಸುವುದೆಂದರೆ ಪ್ರತಿಕ್ಷಣವೂ ತನ್ನನ್ನು ತಾನು ನಿಗ್ರಹಿಸಿಕೊಳ್ಳುವುದು. ನಿಷೇಧವು ತಾಯಿಯ ಹರಕೆಯಿಂದ ಪ್ರೇಮಿಯ ಅಂತಃಕರಣಕ್ಕೆ ಸ್ಥಳಾಂತರ ಹೊಂದಿತು. ನಿದ್ರಿಸುವ ತರುಣಿಯನ್ನು ಅವಳರಿಯದಂತೆ ಕಾಯುವ ಈ ಪ್ರೇಮದಲ್ಲಿ ಅಧಿಕಾರದ ಛಾಯೆಯಿದೆಯೆಂದು ಆಕ್ಷೇಪಿಸಿದವರುಂಟು. ಆ ಆಕ್ಷೇಪಣೆ ನಿರಾಧಾರವಲ್ಲ. ಆದರೂ ಮರ್ತ್ಯತ್ವವನ್ನು ತೊರೆಯಬೇಕೆಂಬ ಬಯಕೆ ಬೆಲ್ಲಾಳದೇ, ತಡೆಯುವವನು ಎಡ್ವರ್ಡ್.

ಬೇತಾಳದ ಕಥೆಯೊಂದರಲ್ಲಿ ಮಂದಾರವತಿಯೆಂಬ ಕನ್ಯೆಯು ಸತ್ತಾಗ, ಅವಳನ್ನು ಬಯಸಿದ್ದ ಮೂವರಲ್ಲಿ ಒಬ್ಬನು ಅವಳ ಅಸ್ಥಿಯನ್ನು ಗಂಗೆಗೆ ಒಯ್ಯುತ್ತಾನೆ, ಒಬ್ಬನು ಬೂದಿಯ ಮೇಲೆ ಮಲಗುತ್ತಾನೆ, ಒಬ್ಬನು ಸಂಜೀವನ ಮಂತ್ರವನ್ನು ತರುತ್ತಾನೆ. ಬದುಕಿಸಿದವನು ತಂದೆಯ ಸಮಾನ, ಅಸ್ಥಿಯನ್ನು ಒಯ್ದವನು ಮಗನ ಸಮಾನ, ಬೂದಿಯನ್ನು ಬಿಡದವನೇ ಪತಿಯೆಂದು ರಾಜನು ತೀರ್ಪು ಕೊಡುತ್ತಾನೆ. ತೀರ್ಪು ಸೂಕ್ಷ್ಮವಾದುದು, ಆದರೆ ಮರಳಿ ಕಣ್ದೆರೆದ ಮಂದಾರವತಿಯನ್ನು ಯಾರೂ ಕೇಳಲಿಲ್ಲ. ಕೊರಿಂಥದ ವಧುವನ್ನೂ ಯಾರೂ ಕೇಳಿರಲಿಲ್ಲ. ಗೋರಿಯಿಂದೆದ್ದು ಬರುವ ಪ್ರೇಮಕಥೆಗಳು ಇಷ್ಟು ಕಾಲ ತರುಣಹೃದಯವನ್ನು ಸೆಳೆದುದಕ್ಕೆ, ಕೇಳದೆ ಉಳಿದ ಆ ಪ್ರಶ್ನೆಯೇ ಕಾರಣವಾಗಿರಬೇಕು.