ಎ ವಿಝಾರ್ಡ್ ಆಫ್ ಅರ್ತ್‌ಸೀ

ಎ ವಿಝಾರ್ಡ್ ಆಫ್ ಅರ್ತ್‌ಸೀ ಎಂಬುದು ಅಮೆರಿಕದ ಲೇಖಕಿ ಉರ್ಸುಲಾ ಕೆ. ಲೆ ಗ್ವಿನ್ ಅವರು ಹದಿಹರೆಯದ ಓದುಗರಿಗಾಗಿ ಇಂಗ್ಲಿಷಿನಲ್ಲಿ ಬರೆದ ಫ್ಯಾಂಟಸಿ ಕಾದಂಬರಿ. ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿ ನಗರದ ಪಾರ್ನಾಸಸ್ ಪ್ರೆಸ್ ಇದನ್ನು 1968ರಲ್ಲಿ ಪ್ರಕಟಿಸಿತು. ಅರ್ತ್‌ಸೀ ಎಂಬ ಕಾಲ್ಪನಿಕ ದ್ವೀಪಸಮೂಹದಲ್ಲಿ ಆಡು ಕಾಯುತ್ತಿದ್ದ ಗೆಡ್ ಎಂಬ ಹುಡುಗನು ಮಂತ್ರವಿದ್ಯೆಯನ್ನು ಕಲಿತು, ಅಹಂಕಾರದ ಒಂದು ಗಳಿಗೆಯಲ್ಲಿ ಹೆಸರಿಲ್ಲದ ನೆರಳೊಂದನ್ನು ಲೋಕದೊಳಕ್ಕೆ ಬಿಟ್ಟು, ಕೊನೆಗೆ ಅದನ್ನು ತಾನೇ ಎದುರಿಸುವುದು ಇದರ ಕಥಾವಸ್ತು. ಹದಿಹರೆಯದವರಿಗೆ ಶಿಫಾರಸು ಮಾಡುವ ಫ್ಯಾಂಟಸಿ ಕಾದಂಬರಿಗಳ ಪಟ್ಟಿಗಳಲ್ಲಿ ಇದು ಅರ್ಧ ಶತಮಾನಕ್ಕೂ ಮೀರಿ ಉಳಿದುಬಂದಿದೆ. ಆ ಪ್ರಕಾರದ ಓದುಗರು ಸಾಮಾನ್ಯವಾಗಿ ನಿರೀಕ್ಷಿಸುವ ಎರಡು ಸಂಗತಿಗಳು ಮಾತ್ರ ಇದರಲ್ಲಿ ಇಲ್ಲ: ಕೇಡಿನ ಪಡೆಗಳ ವಿರುದ್ಧದ ಮಹಾಯುದ್ಧ ಇಲ್ಲ, ಬಿಳಿಯ ಮೈಬಣ್ಣದ ನಾಯಕನೂ ಇಲ್ಲ.

ಹಿನ್ನೆಲೆ

ಲೆ ಗ್ವಿನ್ (1929–2018) ಬರ್ಕ್ಲಿಯಲ್ಲಿ ಜನಿಸಿದರು. ತಂದೆ ಆಲ್ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞರು. ತಾಯಿ ಥಿಯೋಡೋರಾ ಕ್ರೋಬರ್, ಕ್ಯಾಲಿಫೋರ್ನಿಯಾದ ಯಾಹಿ ಬುಡಕಟ್ಟಿನ ಕೊನೆಯವನೆಂದು ತಿಳಿಯಲಾದ ಇಶಿಯ ಜೀವನಚರಿತ್ರೆಯನ್ನು ಬರೆದವರು. ಒಂದು ಜನಸಮುದಾಯದ ಭಾಷೆ, ಹಾಡು, ಆಚರಣೆ, ನಾಮಕರಣ ಪದ್ಧತಿ ಇವುಗಳನ್ನು ಗಮನವಿಟ್ಟು ನೋಡುವ ಮನೆಯ ಅಭ್ಯಾಸವು ಅರ್ತ್‌ಸೀಯ ಪ್ರತಿಯೊಂದು ದ್ವೀಪದ ಚಿತ್ರಣದಲ್ಲೂ ಕಾಣುತ್ತದೆ.

ಈ ಲೋಕವು ಮೊದಲು ಕಾಣಿಸಿಕೊಂಡದ್ದು 1964ರಲ್ಲಿ ಫೆಂಟಾಸ್ಟಿಕ್ ಪತ್ರಿಕೆಯಲ್ಲಿ ಪ್ರಕಟವಾದ ದಿ ವರ್ಡ್ ಆಫ್ ಅನ್‌ಬೈಂಡಿಂಗ್ ಮತ್ತು ದಿ ರೂಲ್ ಆಫ್ ನೇಮ್ಸ್ ಎಂಬ ಎರಡು ಸಣ್ಣಕಥೆಗಳಲ್ಲಿ. 1967ರಲ್ಲಿ ಪಾರ್ನಾಸಸ್ ಪ್ರೆಸ್ಸಿನ ಪ್ರಕಾಶಕ ಹರ್ಮನ್ ಶೈನ್ ಅವರು ದೊಡ್ಡ ಮಕ್ಕಳಿಗಾಗಿ ಒಂದು ಪುಸ್ತಕ ಬರೆದುಕೊಡುವಂತೆ ಕೇಳಿದರು. ಆ ಸಂಸ್ಥೆಯು ಅದುವರೆಗೆ ಪ್ರಕಟಿಸುತ್ತಿದ್ದುದು ಮುಖ್ಯವಾಗಿ ಚಿಕ್ಕ ಮಕ್ಕಳ ಪುಸ್ತಕಗಳನ್ನು. ಲೆ ಗ್ವಿನ್ ಅವರೂ ಎಳೆಯರಿಗಾಗಿ ಹಿಂದೆಂದೂ ಬರೆದಿರಲಿಲ್ಲ. ಕಾದಂಬರಿಯ ಬೀಜ ಒಂದು ಸರಳ ಪ್ರಶ್ನೆಯಲ್ಲಿತ್ತು ಎಂದು ಅವರು ಮುಂದೆ ಹಲವೆಡೆ ಹೇಳಿದ್ದಾರೆ. ಮರ್ಲಿನ್, ಗ್ಯಾಂಡಾಲ್ಫ್ ಮುಂತಾದ ಕಥೆಯ ಮಾಂತ್ರಿಕರೆಲ್ಲ ನೆರೆತ ಗಡ್ಡದ ಮುದುಕರು. ಗಡ್ಡ ನೆರೆಯುವ ಮುನ್ನ, ಏನೂ ತಿಳಿಯದ ಹುಡುಗರಾಗಿದ್ದಾಗ, ಅಷ್ಟು ಅಪಾಯಕರವಾದ ವಿದ್ಯೆಯನ್ನು ಅವರು ಎಲ್ಲಿ, ಹೇಗೆ ಕಲಿತರು? ಮಾಂತ್ರಿಕರ ಶಾಲೆ ಎಂಬ ಕಲ್ಪನೆ ಇಂದು ಸವಕಲಾಗಿದ್ದರೂ ಆಗ ಅದು ಹೊಸದಾಗಿತ್ತು.

ಕಥೆಯನ್ನು ಬರೆಯುವ ಮೊದಲೇ ಲೇಖಕಿಯು ದ್ವೀಪಗಳ ಭೂಪಟವನ್ನು ಬಿಡಿಸಿಕೊಂಡಿದ್ದರು. ಮೊದಲ ಮುದ್ರಣದ ಚಿತ್ರಗಳು ರೂತ್ ರಾಬಿನ್ಸ್ ಅವರವು.

ಅರ್ತ್‌ಸೀ ಲೋಕ

ಅರ್ತ್‌ಸೀಯಲ್ಲಿ ಖಂಡಗಳಿಲ್ಲ. ಸಮುದ್ರದ ನಡುವೆ ಚದುರಿದ ನೂರಾರು ದ್ವೀಪಗಳು ಮಾತ್ರ. ಆದ್ದರಿಂದ ಇಲ್ಲಿನ ಬದುಕೆಲ್ಲ ದೋಣಿ, ಗಾಳಿ, ಮೀನುಗಾರಿಕೆಗಳ ಸುತ್ತ ನಡೆಯುತ್ತದೆ. ಮಾಂತ್ರಿಕನಿಗೆ ಜನರು ಕೇಳುವ ಕೆಲಸಗಳೂ ಅದಕ್ಕೆ ತಕ್ಕವೇ: ಗಾಳಿಯನ್ನು ಕರೆಯುವುದು, ದೋಣಿ ಒಡೆಯದಂತೆ ಮಂತ್ರ ಹಾಕುವುದು, ಕಾಯಿಲೆ ವಾಸಿಮಾಡುವುದು.

ಈ ಲೋಕದ ಮಂತ್ರವಿದ್ಯೆಯು ಹೆಸರುಗಳ ಮೇಲೆ ನಿಂತಿದೆ. ಕಲ್ಲು, ಅಲೆ, ಹಕ್ಕಿ, ಮನುಷ್ಯ ಹೀಗೆ ಪ್ರತಿಯೊಂದಕ್ಕೂ ಸೃಷ್ಟಿಯ ಪ್ರಾಚೀನ ಭಾಷೆಯಲ್ಲಿ ಒಂದು ನಿಜನಾಮವಿದೆ. ಅದನ್ನು ಬಲ್ಲವನು ಆ ವಸ್ತುವನ್ನು ಆಳಬಲ್ಲನು. ನಮ್ಮ ಅಜ್ಜಿಕಥೆಗಳ ರಾಕ್ಷಸನು ತನ್ನ ಪ್ರಾಣವನ್ನು ಏಳು ಸಮುದ್ರದಾಚೆಯ ಗಿಳಿಯಲ್ಲಿ ಬಚ್ಚಿಡುವಂತೆ ಅರ್ತ್‌ಸೀಯ ಜನರು ತಮ್ಮ ನಿಜನಾಮವನ್ನು ಬಚ್ಚಿಡುತ್ತಾರೆ. ನಿತ್ಯದ ವ್ಯವಹಾರಕ್ಕೆ ಬೇರೊಂದು ಕರೆಯುವ ಹೆಸರು ಇರುತ್ತದೆ. ನಿಜನಾಮವನ್ನು ಒಬ್ಬರಿಗೆ ತಿಳಿಸುವುದೆಂದರೆ ಜೀವವನ್ನೇ ಅವರ ಕೈಗೆ ಒಪ್ಪಿಸಿದಂತೆ. ನಾಯಕನ ಕರೆಯುವ ಹೆಸರು ಗಿಡುಗ ಜಾತಿಯ ಒಂದು ಹಕ್ಕಿಯದು, ಸ್ಪ್ಯಾರೋಹಾಕ್, ನಿಜನಾಮ ಗೆಡ್.

ಇದಕ್ಕೆ ಜೋಡಿಯಾದ ಇನ್ನೊಂದು ನಿಯಮ ಸಮತೋಲನದ್ದು. ಒಂದು ಕಡೆ ಮಳೆ ತರಿಸಿದರೆ ಇನ್ನೊಂದು ಕಡೆ ಬರ ಬೀಳಬಹುದು. ಆದಕಾರಣ ನಿಜವಾದ ವಿದ್ಯಾವಂತನು ಅಗತ್ಯವಿಲ್ಲದೆ ಮಂತ್ರವನ್ನು ಬಳಸುವುದಿಲ್ಲ. ಗೆಡ್‌ನ ಮೊದಲ ಗುರು ಓಗಿಯನ್ ಮಳೆ ಬಂದಾಗ ಅದನ್ನು ಬೇರೆಡೆಗೆ ಅಟ್ಟದೆ ಮರದಡಿ ಮಲಗಿ ನೆನೆಯುತ್ತಾನೆ. ಇದನ್ನು ಕಂಡ ಹುಡುಗನಿಗೆ, ಇಂತಹ ಗುರುವಿನಿಂದ ಪ್ರಯೋಜನವೇನು ಎಂಬ ಅಸಹನೆ ಹುಟ್ಟುತ್ತದೆ.

ಕಥಾಸಾರ

(ಈ ಭಾಗದಲ್ಲಿ ಕಾದಂಬರಿಯ ಅಂತ್ಯವನ್ನೂ ವಿವರಿಸಲಾಗಿದೆ.)

ಗಾಂಟ್ ಎಂಬ ಬೆಟ್ಟಗಾಡಿನ ದ್ವೀಪದಲ್ಲಿ ಕಂಚುಗಾರನ ಮಗನಾಗಿ ಹುಟ್ಟಿದ ಹುಡುಗನು ತಾಯಿಯಿಲ್ಲದೆ ಬೆಳೆಯುತ್ತಾನೆ. ಊರಿನ ಮಾಟಗಾತಿಯಾದ ಸೋದರ ಸಂಬಂಧದ ಹೆಂಗಸೊಬ್ಬಳಿಂದ ಅವನು ಆಡುಗಳನ್ನು ಕರೆಯುವ ಮಾತೊಂದನ್ನು ಕದ್ದು ಕಲಿಯುವಲ್ಲಿಂದ ಅವನ ವಿದ್ಯಾಭ್ಯಾಸ ಆರಂಭವಾಗುತ್ತದೆ. ಕಾರ್ಗ್ ಜನರ ಪಡೆ ಊರನ್ನು ಸುಲಿಯಲು ಬಂದಾಗ, ಹನ್ನೆರಡು ವರ್ಷದ ಅವನು ಮಂಜು ಕವಿಸಿ ಊರನ್ನು ಉಳಿಸುತ್ತಾನೆ. ಓಗಿಯನ್ ಅವನಿಗೆ ನಿಜನಾಮವನ್ನಿತ್ತು ಶಿಷ್ಯನಾಗಿ ಸ್ವೀಕರಿಸುತ್ತಾನೆ. ಆದರೆ ಬೇಗ ದೊಡ್ಡವನಾಗಬೇಕೆಂಬ ಆತುರದಿಂದ ಗೆಡ್ ರೋಕ್ ದ್ವೀಪದ ಮಾಂತ್ರಿಕರ ಶಾಲೆಗೆ ಹೊರಟುಹೋಗುತ್ತಾನೆ. ಅವನನ್ನು ಅಲ್ಲಿಗೆ ಒಯ್ಯುವ ಹಡಗಿನ ಹೆಸರು ‘ನೆರಳು’.

ರೋಕ್‌ನಲ್ಲಿ ಒಂಬತ್ತು ಮಂದಿ ಗುರುಗಳಿದ್ದಾರೆ. ಅವರಲ್ಲಿ ಒಬ್ಬನು ಏಕಾಂತದ ಗೋಪುರವೊಂದರಲ್ಲಿ ಕೂರಿಸಿ ಹೆಸರುಗಳ ಪಟ್ಟಿಗಳನ್ನು ಬಾಯಿಪಾಠ ಮಾಡಿಸುತ್ತಾನೆ. ಗೆಡ್ ಎಲ್ಲರಿಗಿಂತ ಬೇಗ ಕಲಿಯುತ್ತಾನೆ. ವೆಚ್ ಎಂಬುವನು ಅವನ ಆಪ್ತ ಗೆಳೆಯನಾಗುತ್ತಾನೆ, ಶ್ರೀಮಂತ ಮನೆತನದ ಜ್ಯಾಸ್ಪರ್ ಎದುರಾಳಿಯಾಗುತ್ತಾನೆ. ಒಂದು ರಾತ್ರಿ ಜ್ಯಾಸ್ಪರ್‌ನ ಕೆಣಕು ಮಾತಿಗೆ ಕೆರಳಿದ ಗೆಡ್, ಸಾವಿರ ವರ್ಷಗಳ ಹಿಂದೆ ಸತ್ತ ಎಲ್ಫಾರನ್ ಎಂಬ ಸುಂದರಿಯ ಆತ್ಮವನ್ನು ಕರೆಯುತ್ತಾನೆ. ಆತ್ಮವು ಕ್ಷಣಕಾಲ ಕಾಣಿಸುತ್ತದೆ. ಅದರೊಡನೆ ತೆರೆದ ಬಿರುಕಿನಿಂದ ಕರಿಯ ನೆರಳಿನ ಮುದ್ದೆಯೊಂದು ಜಿಗಿದು ಗೆಡ್‌ನ ಮುಖವನ್ನು ಸೀಳುತ್ತದೆ. ಆ ಬಿರುಕನ್ನು ಮುಚ್ಚಲು ಶಾಲೆಯ ಮುಖ್ಯಸ್ಥ ನೆಮ್ಮರ್ಲ್ ತನ್ನ ಪ್ರಾಣವನ್ನೇ ತೆರುತ್ತಾನೆ. ನೆರಳು ತಪ್ಪಿಸಿಕೊಳ್ಳುತ್ತದೆ.

ಮುಖದ ಮೇಲೆ ಗಾಯದ ಕಲೆಗಳನ್ನು ಹೊತ್ತು, ಮಾತು ಕಡಿಮೆಯಾದ ಗೆಡ್ ಓದು ಮುಗಿಸಿ ಲೋ ಟಾರ್ನಿಂಗ್ ಎಂಬ ಬಡ ದ್ವೀಪದಲ್ಲಿ ಮೀನುಗಾರರ ಮಾಂತ್ರಿಕನಾಗುತ್ತಾನೆ. ಗೆಳೆಯನೊಬ್ಬನ ಮಗುವನ್ನು ಉಳಿಸಲು ಸಾವಿನ ಗಡಿಯವರೆಗೆ ಹೋಗಿ ಸೋತು ಬರುವಾಗ ನೆರಳು ಅವನಿಗಾಗಿ ಕಾದು ನಿಂತಿರುತ್ತದೆ. ಇನ್ನು ಆ ಊರಿನಲ್ಲಿ ಇರುವಂತಿಲ್ಲ, ಆದರೆ ಜನರನ್ನು ಡ್ರ್ಯಾಗನ್‌ಗಳ ಬಾಯಿಗೆ ಬಿಟ್ಟು ಹೋಗುವಂತೆಯೂ ಇಲ್ಲ. ಹೀಗಾಗಿ ಅವನು ಪೆಂಡಾರ್ ದ್ವೀಪಕ್ಕೆ ಹೋಗಿ ಮುದಿ ಡ್ರ್ಯಾಗನ್ ಯೆವಾಡ್‌ನನ್ನು ಅದರ ನಿಜನಾಮದಿಂದ ಕಟ್ಟಿಹಾಕುತ್ತಾನೆ. (1964ರ ಸಣ್ಣಕಥೆಯಲ್ಲಿಯೂ ಬರುವ ಡ್ರ್ಯಾಗನ್ ಇದೇ.) ಬೆನ್ನಟ್ಟುತ್ತಿರುವ ನೆರಳಿನ ಹೆಸರನ್ನು ಹೇಳುತ್ತೇನೆ, ನನ್ನನ್ನು ಬಿಡು ಎಂದು ಡ್ರ್ಯಾಗನ್ ಆಸೆ ತೋರಿಸುತ್ತದೆ. ಗೆಡ್ ಆ ಹೆಸರನ್ನು ಬಿಟ್ಟು, ಡ್ರ್ಯಾಗನ್‌ಗಳು ದ್ವೀಪಸಮೂಹದ ಕಡೆಗೆ ಎಂದೂ ಬರಬಾರದೆಂಬ ಪ್ರಮಾಣವನ್ನು ಪಡೆಯುತ್ತಾನೆ. ಕಾದಂಬರಿಯಲ್ಲಿ ಗೆಡ್ ನಿಜಕ್ಕೂ ದೊಡ್ಡವನಾಗುವುದು ಇಲ್ಲಿಯೇ ಎಂದು ಹೇಳಬಹುದು. ಗೆಲುವಿನ ನಡುವೆಯೂ ಅವನು ತನ್ನ ಬಿಡುಗಡೆಯ ದಾರಿಯನ್ನು ಪರರಿಗಾಗಿ ಬಿಟ್ಟುಕೊಡುತ್ತಾನೆ.

ಮುಂದೆ ಆಸ್ಕಿಲ್ ಎಂಬ ಶೀತಪ್ರದೇಶದಲ್ಲಿ ಪ್ರಾಚೀನ ಕಲ್ಲೊಂದರ ಆಮಿಷದಿಂದ ಪಾರಾಗಿ, ಗಿಡುಗದ ರೂಪ ತಾಳಿ ಹಾರುತ್ತ ಅವನು ಓಗಿಯನ್ ಬಳಿಗೆ ಮರಳುತ್ತಾನೆ. ಬಹಳ ಹೊತ್ತು ಹಕ್ಕಿಯಾಗಿದ್ದುದರಿಂದ ಮನುಷ್ಯರ ಮಾತು ಅವನಿಗೆ ಮರೆತುಹೋಗಿರುತ್ತದೆ. ಓಡುವುದನ್ನು ಬಿಟ್ಟು ಹಿಂತಿರುಗಿ ನಿಲ್ಲು, ಬೆನ್ನಟ್ಟುವುದನ್ನೇ ಬೆನ್ನಟ್ಟು ಎಂಬುದು ಗುರುವಿನ ಸಲಹೆ. ಇಲ್ಲಿಂದ ಬೇಟೆ ತಿರುವುಮುರುವಾಗುತ್ತದೆ. ಗೆಡ್ ಸಮುದ್ರದಲ್ಲಿ ನೆರಳನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ದೋಣಿ ಒಡೆದು ಮರಳ ದಿಬ್ಬವೊಂದರಲ್ಲಿ ಸಿಲುಕಿದಾಗ, ಬಾಲ್ಯದಿಂದ ಅಲ್ಲೇ ಉಳಿದ ಮುದಿ ಅಣ್ಣತಂಗಿಯರು ಅವನಿಗೆ ನೀರು ಕೊಡುತ್ತಾರೆ. ಮುದುಕಿಯು ಒಡೆದ ಉಂಗುರದ ಅರ್ಧವನ್ನು ಅವನ ಕೈಗೆ ಹಾಕುತ್ತಾಳೆ. ಅದೇನೆಂಬುದು ಎರಡನೆಯ ಕಾದಂಬರಿಯಲ್ಲಿ ತಿಳಿಯುತ್ತದೆ. ಕೊನೆಗೆ ವೆಚ್‌ನ ಜೊತೆಯಲ್ಲಿ, ಎಲ್ಲ ದ್ವೀಪಗಳನ್ನೂ ದಾಟಿದ ತೆರೆದ ಸಮುದ್ರದಲ್ಲಿ ಗೆಡ್ ನೆರಳನ್ನು ಸಂಧಿಸುತ್ತಾನೆ. ಇಬ್ಬರೂ ಒಂದೇ ಕ್ಷಣದಲ್ಲಿ ಉಚ್ಚರಿಸುವ ಹೆಸರು ಒಂದೇ: ಗೆಡ್. ಗೆದ್ದವರಾಗಲಿ ಸೋತವರಾಗಲಿ ಅಲ್ಲಿಲ್ಲ. ಎರಡಾಗಿದ್ದದ್ದು ಒಂದಾಗುತ್ತದೆ.

ವಿಶ್ಲೇಷಣೆ

ಈ ಅಂತ್ಯವನ್ನು ವಿಮರ್ಶಕರು ಸ್ವಿಸ್ ಮನೋವಿಜ್ಞಾನಿ ಕಾರ್ಲ್ ಯೂಂಗ್ ಹೇಳಿದ ‘ನೆರಳು’ ಎಂಬ ಪರಿಕಲ್ಪನೆಯ ಜೊತೆಗಿಟ್ಟು ಓದಿದ್ದಾರೆ. ಮನುಷ್ಯನು ತನ್ನಲ್ಲಿ ಒಪ್ಪಿಕೊಳ್ಳಲು ಹಿಂಜರಿಯುವ ಭಾಗವೇ ಆ ನೆರಳು. ಹೋಲಿಕೆ ಎಷ್ಟೇ ನಿಕಟವಾಗಿದ್ದರೂ, ಕಾದಂಬರಿ ಬರೆಯುವಾಗ ತಾವು ಯೂಂಗ್‌ನನ್ನು ಓದಿರಲಿಲ್ಲ ಎಂದು ಲೆ ಗ್ವಿನ್ ಸ್ಪಷ್ಟಪಡಿಸಿದ್ದಾರೆ. ಚೀನಾದ ತಾವೋ ಚಿಂತನೆಯ ಪ್ರಭಾವ ಮಾತ್ರ ನೇರವಾದುದು. ಅವರು ತಾವೋ ತೇ ಚಿಂಗ್ ಗ್ರಂಥದ ಇಂಗ್ಲಿಷ್ ರೂಪವೊಂದನ್ನು 1997ರಲ್ಲಿ ಪ್ರಕಟಿಸಿದರು. ಮಾಡದೆ ಇರುವುದೂ ಒಂದು ಕ್ರಿಯೆ, ಬೆಳಕು ಕತ್ತಲೆಗಳು ಪರಸ್ಪರ ಶತ್ರುಗಳಲ್ಲ ಎಂಬ ಭಾವನೆ ಕಾದಂಬರಿಯ ತುಂಬ ಹರಡಿದೆ.

ಹದಿಹರೆಯದ ಓದುಗರಿಗೆ ಪುಸ್ತಕವು ಹತ್ತಿರವಾಗುವುದು ಸಿದ್ಧಾಂತಗಳಿಂದಲ್ಲ. ಬಡತನದಿಂದ ಬಂದ ಜಾಣ ಹುಡುಗನೊಬ್ಬನು ಸಿರಿವಂತ ಸಹಪಾಠಿಯ ನಗೆಗೆ ಕುಗ್ಗಿ, ಅವನಿಗೆ ತೋರಿಸಿಕೊಡಬೇಕೆಂದು ಹೊರಟು ಮಾಡಬಾರದ್ದನ್ನು ಮಾಡುವುದು, ಅದರ ಬೆಲೆಯನ್ನು ಬೇರೊಬ್ಬರು ತೆರುವುದು, ಆಮೇಲಿನ ನಾಚಿಕೆ ಇವೆಲ್ಲ ಆ ವಯಸ್ಸಿಗೆ ಪರಿಚಿತವಾದ ಸಂಗತಿಗಳು. ತಪ್ಪನ್ನು ಹೊರಗಿನ ಯಾವ ದುಷ್ಟನ ಮೇಲೂ ಹೊರಿಸಲು ಲೇಖಕಿ ಅವಕಾಶ ಕೊಟ್ಟಿಲ್ಲ. 1997ರಲ್ಲಿ ಆರಂಭವಾದ ಹ್ಯಾರಿ ಪಾಟರ್ ಸರಣಿಯ ನಂತರ ಎರಡು ಶಾಲೆಗಳನ್ನೂ ಹೋಲಿಸುವುದು ರೂಢಿಯಾಯಿತು. ರೌಲಿಂಗ್ ತಮ್ಮಿಂದ ಕದ್ದರೆಂದು ಲೆ ಗ್ವಿನ್ ಎಂದೂ ಆರೋಪಿಸಲಿಲ್ಲ. ಹಿಂದಿನವರ ಋಣವನ್ನು ಅವರು ಇನ್ನಷ್ಟು ಉದಾರವಾಗಿ ಒಪ್ಪಿಕೊಳ್ಳಬಹುದಿತ್ತು ಎಂದಷ್ಟೇ ಹೇಳಿದರು. ರೋಕ್ ಶಾಲೆಯು ಕಥೆಯ ಒಂದು ಭಾಗ ಮಾತ್ರ ಎಂಬುದನ್ನೂ ಗಮನಿಸಬೇಕು. ಶಾಲಾಜೀವನದ ಮೋಜನ್ನು ನಿರೀಕ್ಷಿಸಿ ಇದನ್ನು ಕೈಗೆತ್ತಿಕೊಳ್ಳುವವರಿಗೆ ನಿರಾಸೆಯಾದೀತು. ನಿರೂಪಣೆಯೂ ಹಳೆಯ ವೀರಗಾಥೆಯ ಗಂಭೀರ ಧಾಟಿಯದು, ಸಂಭಾಷಣೆ ಕಡಿಮೆ.

ಮುಂದಿನ ಪುಸ್ತಕಗಳು

ಕಾದಂಬರಿಗೆ 1969ರಲ್ಲಿ ಬಾಸ್ಟನ್ ಗ್ಲೋಬ್–ಹಾರ್ನ್ ಬುಕ್ ಪ್ರಶಸ್ತಿ ದೊರೆಯಿತು. ದಿ ಟೂಂಬ್ಸ್ ಆಫ್ ಅಟುವಾನ್ (1971) ಮತ್ತು ದಿ ಫಾರ್ದೆಸ್ಟ್ ಶೋರ್ (1972) ಇದರ ಮುಂದುವರಿಕೆಗಳು. ಮೂರನೆಯದಕ್ಕೆ 1973ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಬಂತು. ಬಳಿಕ ದೀರ್ಘ ಮೌನ. ಅದಕ್ಕೊಂದು ಕಾರಣವಿತ್ತು. ಮೊದಲ ಕಾದಂಬರಿಯಲ್ಲಿ ರೋಕ್ ಶಾಲೆಗೆ ಹುಡುಗಿಯರಿಗೆ ಪ್ರವೇಶವಿಲ್ಲ. ಹೆಂಗಸರ ಮಾಟವನ್ನು ದುರ್ಬಲವೆಂದೂ ಕೆಟ್ಟದ್ದೆಂದೂ ಹೀಗಳೆಯುವ ಗಾದೆಗಳು ಆ ಲೋಕದಲ್ಲಿ ಚಾಲ್ತಿಯಲ್ಲಿವೆ, ಕಥೆಯು ಅವನ್ನು ಪ್ರಶ್ನಿಸುವುದಿಲ್ಲ. ಈ ಟೀಕೆಯನ್ನು ಎಲ್ಲರಿಗಿಂತ ಕಟುವಾಗಿ ಮಾಡಿದವರು ಲೇಖಕಿಯೇ. ಪುರುಷ ನಾಯಕರ ಪರಂಪರೆಯೊಳಗೆ ನಿಂತು ತಾವು ಬರೆದುದನ್ನು ಅವರು ಒಪ್ಪಿಕೊಂಡು, ತೆಹಾನು (1990) ಎಂಬ ನಾಲ್ಕನೆಯ ಕಾದಂಬರಿಯಲ್ಲಿ ಅದೇ ಲೋಕವನ್ನು ವಿಧವೆಯೊಬ್ಬಳ ಮತ್ತು ಸುಟ್ಟಗಾಯಗಳಿಂದ ನರಳಿದ ಬಾಲಕಿಯೊಬ್ಬಳ ಕಣ್ಣಿನಿಂದ ಕಂಡರು. ಅದಕ್ಕೆ ನೆಬ್ಯುಲಾ ಪ್ರಶಸ್ತಿ ಲಭಿಸಿತು. ಟೇಲ್ಸ್ ಫ್ರಮ್ ಅರ್ತ್‌ಸೀ ಮತ್ತು ದಿ ಅದರ್ ವಿಂಡ್ ಎರಡೂ 2001ರಲ್ಲಿ ಬಂದವು.

ಪ್ರಕಟಣೆಯ ಕ್ರಮದಲ್ಲಿ ಓದುವುದೇ ಸೂಕ್ತ. ತೆಹಾನು ಮಕ್ಕಳ ಮೇಲಿನ ಹಿಂಸೆಯನ್ನು ನೇರವಾಗಿ ಚಿತ್ರಿಸುವುದರಿಂದ ಅದನ್ನು ಸ್ವಲ್ಪ ದೊಡ್ಡವರಾದ ಮೇಲೆ ಓದುವುದು ಒಳಿತು.

ಮೈಬಣ್ಣ, ಮುಖಪುಟಗಳು ಮತ್ತು ರೂಪಾಂತರಗಳು

ಅರ್ತ್‌ಸೀಯ ಬಹುಪಾಲು ಜನರು ಕಂದು ಅಥವಾ ಕಪ್ಪು ಮೈಬಣ್ಣದವರು. ಗೆಡ್ ತಾಮ್ರಗೆಂಪು ಬೆರೆತ ಕಂದುಬಣ್ಣದವನು, ವೆಚ್ ಕಪ್ಪಗಿನವನು. ಬಿಳಿಯರು ಎಂದರೆ ಊರು ಸುಲಿಯಲು ಬರುವ ಕಾರ್ಗ್ ಜನರು. ಇಂಗ್ಲಿಷಿನ ಫ್ಯಾಂಟಸಿ ಸಾಹಿತ್ಯದಲ್ಲಿ ನಾಯಕನು ಬಿಳಿಯನೆಂಬುದು ಹೇಳದೆಯೇ ತಿಳಿಯುವ ಮಾತಾಗಿದ್ದ ಕಾಲದಲ್ಲಿ ಲೆ ಗ್ವಿನ್ ಇದನ್ನು ಉದ್ದೇಶಪೂರ್ವಕವಾಗಿ ಮಾಡಿದರು. ಆದರೆ ಘೋಷಿಸಲಿಲ್ಲ. ಓದುಗನು ಗೆಡ್‌ನನ್ನು ತನ್ನವನೆಂದು ಭಾವಿಸಿದ ಮೇಲೆ, ಕಥೆಯ ಓಟದ ನಡುವೆ ಒಂದೆರಡು ಪದಗಳಲ್ಲಿ ಬಣ್ಣವನ್ನು ತಿಳಿಸಿದರು.

ರೂತ್ ರಾಬಿನ್ಸ್ ಅವರ ಮೊದಲ ಮುಖಪುಟವು ಈ ಬಣ್ಣಕ್ಕೆ ನಿಷ್ಠವಾಗಿತ್ತು. ನಂತರದ ಅನೇಕ ಮುದ್ರಣಗಳಲ್ಲಿ ಗೆಡ್ ಬಿಳಿಯನಾದನು. ಕಂದು ಮುಖವಿದ್ದರೆ ಪುಸ್ತಕ ಮಾರಾಟವಾಗುವುದಿಲ್ಲ ಎಂಬ ವಾದವನ್ನು ಲೇಖಕಿ ಮತ್ತೆ ಮತ್ತೆ ಎದುರಿಸಬೇಕಾಯಿತು. 2004ರ ಡಿಸೆಂಬರಿನಲ್ಲಿ ಅಮೆರಿಕದ ಸೈ ಫೈ ವಾಹಿನಿಯು ಮೊದಲೆರಡು ಕಾದಂಬರಿಗಳನ್ನು ಬೆಸೆದು ಕಿರುಸರಣಿಯಾಗಿ ಪ್ರಸಾರ ಮಾಡಿದಾಗ ಗೆಡ್‌ನ ಪಾತ್ರವನ್ನು ಬಿಳಿಯ ನಟ ಶಾನ್ ಆ್ಯಶ್‌ಮೋರ್ ವಹಿಸಿದ್ದರು. ಲೆ ಗ್ವಿನ್ ಸ್ಲೇಟ್ ಪತ್ರಿಕೆಯಲ್ಲಿ ಇದನ್ನು ಖಂಡಿಸಿ ಬರೆದ ಲೇಖನವು ಸರಣಿಗಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿದಿದೆ.

ಜಪಾನಿನ ಸ್ಟುಡಿಯೋ ಜಿಬ್ಲಿಯ ಚಿತ್ರ 2006ರಲ್ಲಿ ಬಿಡುಗಡೆಯಾಯಿತು. ಹಯಾವೋ ಮಿಯಾಝಾಕಿ ಬಹಳ ಹಿಂದೆಯೇ ಅನುಮತಿ ಕೇಳಿದ್ದರು. ಅವರ ಕೃತಿಗಳ ಪರಿಚಯವಿಲ್ಲದ ಲೆ ಗ್ವಿನ್ ಆಗ ನಿರಾಕರಿಸಿದ್ದರು. ಒಪ್ಪಿಗೆ ಕೊಟ್ಟಾಗ ನಿರ್ದೇಶನವು ಮಗ ಗೋರೋ ಮಿಯಾಝಾಕಿಯವರ ಪಾಲಾಯಿತು. ಮುಖ್ಯವಾಗಿ ಮೂರನೆಯ ಕಾದಂಬರಿಯನ್ನು ಆಧರಿಸಿದ ಈ ಚಿತ್ರದ ದೃಶ್ಯಗಳನ್ನು ಲೇಖಕಿ ಮೆಚ್ಚಿಕೊಂಡರೂ, ಕೇಡನ್ನು ಖಳನೊಬ್ಬನಲ್ಲಿ ತುಂಬಿ ಅವನನ್ನು ಕೊಂದು ಮುಗಿಸಿದ ಬಗೆ ತಮ್ಮ ಪುಸ್ತಕಗಳಿಗೆ ವಿರುದ್ಧವಾದುದೆಂದು ಆಕ್ಷೇಪಿಸಿದರು.

ಸರಣಿಯ ಎಲ್ಲ ಕೃತಿಗಳನ್ನೂ ಒಳಗೊಂಡ ಸಚಿತ್ರ ಆವೃತ್ತಿ ದಿ ಬುಕ್ಸ್ ಆಫ್ ಅರ್ತ್‌ಸೀ 2018ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಚಿತ್ರಕಾರ ಚಾರ್ಲ್ಸ್ ವೆಸ್ ಅವರೊಂದಿಗೆ ಲೆ ಗ್ವಿನ್ ಕೆಲವು ವರ್ಷಗಳ ಕಾಲ ಪತ್ರವ್ಯವಹಾರ ನಡೆಸಿ, ಜನರ ಮುಖ, ಡ್ರ್ಯಾಗನ್‌ಗಳ ಆಕಾರ ಎಲ್ಲವನ್ನೂ ತಿದ್ದಿಸಿದ್ದರು. ಪುಸ್ತಕ ಹೊರಬರುವ ಒಂಬತ್ತು ತಿಂಗಳ ಮೊದಲು, ಅದೇ ವರ್ಷದ ಜನವರಿ 22ರಂದು, ಅವರು ಪೋರ್ಟ್‌ಲ್ಯಾಂಡಿನಲ್ಲಿ ನಿಧನರಾದರು.