ಎಲೆಗಳಲ್ಲಿ ಒಡಮೂಡಿದ ಎರಡು ನಗರಗಳು

ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಗಂಜೀಫಾ ಆಟದ ಎಲೆಗಳ ಮೇಲೆ ದೇವಾನುದೇವತೆಗಳು ಬಣ್ಣ ತಳೆದುದನ್ನು ಬಲ್ಲ ನಮಗೆ, ಅಂಗೈಯಗಲದ ಎಲೆಯೊಂದು ಆರಾಧ್ಯರ ನೆಲೆಯಾಗಬಲ್ಲುದೆಂಬುದು ಹೊಸ ಮಾತಲ್ಲ. ಆಸ್ಟ್ರೇಲಿಯದಲ್ಲಿ ಆ ಸ್ಥಾನವು ಕ್ರೀಡಾಪಟುಗಳಿಗೆ ಸಂದಿತು. ಸಂದದ್ದು ರಾಜಾಶ್ರಯದಿಂದಲ್ಲ, ತಂಬಾಕಿನ ವಾಣಿಜ್ಯದಿಂದ. ಸಿಗರೇಟಿನ ಮೆತ್ತನೆಯ ಪೊಟ್ಟಣ ನಲುಗದಿರಲೆಂದು ಅಮೆರಿಕದ ವರ್ತಕರು ಒಳಗಿರಿಸುತ್ತಿದ್ದ ರಟ್ಟಿನ ತುಣುಕು 1880ರ ದಶಕದಲ್ಲಿ ಮಲ್ಲರನ್ನೂ ಆಟಗಾರರನ್ನೂ ಹೊತ್ತು ಮೆರೆಯತೊಡಗಿತು. ಮೆಲ್ಬರ್ನಿನ ಸ್ನೈಡರ್ಸ್ ಅಂಡ್ ಏಬ್ರಹಾಮ್ಸ್ ಕಂಪನಿಯು ಆ ಪದ್ಧತಿಯನ್ನು ಕೈಗೊಂಡು, 1904ರಿಂದ ಮೊದಲ ಮಹಾಯುದ್ಧದ ಕಾಲದವರೆಗೆ ತನ್ನ ಊರಿನ ಫುಟ್‌ಬಾಲ್ ವೀರರನ್ನು ಮಾಲೆಮಾಲೆಯಾಗಿ ಮುದ್ರಿಸಿತು. ವಿಲ್ಸ್ ಕಂಪನಿಯ ಎಲೆಗಳಲ್ಲಿ ಸಿಡ್ನಿಯ ವಿಕ್ಟರ್ ಟ್ರಂಪರನಂಥ ಕ್ರಿಕೆಟಿಗರು ಕಾಣಿಸಿಕೊಂಡರು.

16 ವರ್ಷ ತುಂಬದವರಿಗೆ ತಂಬಾಕನ್ನು ಕೊಡಕೂಡದೆಂದು ಸಿಡ್ನಿಯಿರುವ ನ್ಯೂ ಸೌತ್ ವೇಲ್ಸ್ ಪ್ರಾಂತವು 1903ರಲ್ಲಿಯೇ ಶಾಸನವನ್ನು ವಿಧಿಸಿತ್ತು. ಆದರೂ ಈ ಎಲೆಗಳ ನಿಜವಾದ ಒಡೆಯರು ಬಾಲಕರೇ ಆಗಿದ್ದರು. ಹಿರಿಯರಿಂದ ಬೇಡಿ ಪಡೆದುದನ್ನು ಗೋಡೆಗೆ ಚಿಮ್ಮಿ ಪಂದ್ಯವಾಡಿ ಗೆದ್ದು, ಸೋತು, ಜೋಡಿ ಸಿಕ್ಕಾಗ ವಿನಿಮಯ ಮಾಡಿಕೊಂಡು ಅವರು ಸಂಪಾದಿಸಿದ ಕಂತೆಗಳು ಇಂದಿಗೂ ಉಳಿದುಬಂದಿವೆ. ಅಂಚು ಮಾಸದ ಎಲೆಗೆ ಹೆಚ್ಚು ಬೆಲೆ ಕಟ್ಟುವ ಸಂಗ್ರಾಹಕರ ರೂಢಿಯನ್ನು ನಾನು ಮನಸಾರೆ ಒಪ್ಪಲಾರೆ. ಮೂಲೆ ಸವೆದ ಎಲೆಯಲ್ಲವೇ ಆಡಿದ ಕೈಗಳಿಗೆ ಸಾಕ್ಷಿ? ಹುಡುಗಿಯರದು ಬೇರೆಯೇ ಲೋಕ: ಇಸ್ಪೀಟೆಲೆಗಳ ಹಿಂಬದಿಯ ಚಿತ್ರಗಳನ್ನು ಕೂಡಿಡುವ ‘ಸ್ವಾಪ್ ಕಾರ್ಡ್’ ಹವ್ಯಾಸವು ಅಲ್ಲಿಯ ಶಾಲೆಗಳಲ್ಲಿ ದಶಕಗಳ ಕಾಲ ಬಾಳಿತು.

1930ರ ದಶಕದ ವೇಳೆಗೆ ಆಲೆನ್ಸ್, ಹೋಡ್ಲೀಸ್ ಮೊದಲಾದ ಮೆಲ್ಬರ್ನಿನ ಮಿಠಾಯಿ ತಯಾರಕರೂ ಎಲೆಗಳನ್ನು ಹಂಚತೊಡಗಿದ್ದರು. ಬ್ರಾಡ್ಮನ್ನನ ಕೀರ್ತಿ ಉತ್ತುಂಗಕ್ಕೇರಿದ ಆ ಕಾಲದಲ್ಲಿ ಕ್ರಿಕೆಟಿಗನ ಎಲೆಯೊಂದು ಮೆಲ್ಬರ್ನ್, ಸಿಡ್ನಿ ಎರಡು ನಗರಗಳಲ್ಲಿಯೂ ಸಮಾನ ಆದರವನ್ನು ಪಡೆಯುತ್ತಿತ್ತು. ಚಳಿಗಾಲದ ಆಟಗಳ ಮಾತು ಹಾಗಲ್ಲ. ಮೆಲ್ಬರ್ನಿಗೆ ತನ್ನದೇ ನಿಯಮಗಳ ಫುಟ್‌ಬಾಲ್, ಸಿಡ್ನಿಗೆ ರಗ್ಬಿ ಲೀಗ್. ಒಂದರ ವೀರನು ಇನ್ನೊಂದರ ಬೀದಿಯಲ್ಲಿ ಅಪರಿಚಿತ. ಆದುದರಿಂದಲೇ 1963ರಲ್ಲಿ ಸ್ಕ್ಯಾನ್ಲೆನ್ಸ್ ಕಂಪನಿಯು ಚ್ಯೂಯಿಂಗ್ ಗಮ್ಮಿನೊಂದಿಗೆ ಎಲೆಗಳನ್ನು ಮಾರಲು ಹೊರಟಾಗ, ಒಂದೇ ದೇಶದ ಮಕ್ಕಳಿಗಾಗಿ ಮೆಲ್ಬರ್ನ್ ಇರುವ ವಿಕ್ಟೋರಿಯದ ಫುಟ್‌ಬಾಲಿಗರದೊಂದು, ರಗ್ಬಿ ಲೀಗಿನವರದೊಂದು ಎಂದು ಎರಡು ಮಾಲೆಗಳನ್ನು ಅಚ್ಚು ಹಾಕಿಸಬೇಕಾಯಿತು. ದೇಶವನ್ನು ಹೀಗೆ ಇಬ್ಭಾಗಿಸುವ ಕಾಲ್ಪನಿಕ ರೇಖೆಗೆ 1978ರಲ್ಲಿ ಇತಿಹಾಸಕಾರ ಇಯಾನ್ ಟರ್ನರ್, ಮೆಲ್ಬರ್ನಿನ ಪ್ರಖ್ಯಾತ ಆಟಗಾರ ರಾನ್ ಬರಾಸಿಯ ಹೆಸರನ್ನಿತ್ತನು. ವಿದ್ವಾಂಸನು ಗುರುತಿಸಿದ ಆ ಗಡಿಯು ಗಮ್ಮಿನ ವ್ಯಾಪಾರಿಗೂ, ಮೂರು ಕಾಸು ಹಿಡಿದು ಅಂಗಡಿಗೆ ಓಡಿದ ಹುಡುಗನಿಗೂ ಅದಕ್ಕೆ 15 ವರ್ಷ ಮೊದಲೇ ತಿಳಿದಿತ್ತೆಂಬುದನ್ನು ನೆನೆದರೆ ನನಗೆ ಈ ರಟ್ಟಿನ ಚೂರುಗಳ ಮೇಲಿನ ಗೌರವ ಇಮ್ಮಡಿಸುತ್ತದೆ. 1982ರಲ್ಲಿ ಸೌತ್ ಮೆಲ್ಬರ್ನ್ ಸಂಘವು ಸಿಡ್ನಿಗೆ ವಲಸೆ ಹೋಯಿತು. ಅನಂತರ ಫುಟ್‌ಬಾಲಿಗರ ಎಲೆಗಳಲ್ಲಿ ಸಿಡ್ನಿಯ ಹೆಸರೂ ಅಚ್ಚಾಗತೊಡಗಿತು.